ಲಾಯ್ಕಿಪ್ಪ ಫೋಟೋ

ನಮ್ಮ ಟೀಚರು ತೀರಿಕೊಂಡದ್ದು ಓಣಿಯ ನಾಲ್ಕು ಮನೆಯವರಿಗೆ ಬಿಟ್ಟರೆ ತಲ್ಲೂರಿನ ಉಳಿದವರಿಗೆ ಗೊತ್ತಾಗಲು ಸ್ವಲ್ಪ ತಡವಾಯಿತು. ಗೊತ್ತಾಗಲಿ ಎಂದೇ ಪೇಟೆಯಲ್ಲಿ, ಬಸ್ಸು ನಿಲ್ಲುವ ಜಾಗದಲ್ಲಿ, ಆಳೆತ್ತರದ ಫ್ಲೆಕ್ಸ್ ಕಟ್ಟಿದ್ದರು. ಅದರಲ್ಲಿ ಅವರ ಹೆಸರಿತ್ತು. ನಿವೃತ್ತ ಚಿತ್ರಕಲಾ ಶಿಕ್ಷಕಿ ಎಂದಿತ್ತು. ಭಾವಪೂರ್ಣ ಶ್ರದ್ಧಾಂಜಲಿ ಎಂದೂ ಇತ್ತು. ಮುಖ ಮಾತ್ರ ಬೇರೆ ಯಾರದ್ದೋ ಆಗಿತ್ತು.

ರಸ್ತೆಯ ಈಚೆ ಬದಿಯಲ್ಲಿ ನನ್ನ ಹೊಲಿಗೆ ಅಂಗಡಿ. ಟೀಚರ ಮನೆ ಅದರ ಹಿಂದಿನ ಓಣಿಯಲ್ಲಿ. ಅವರನ್ನು ಮನೆಯಿಂದ ಹೊರಡಿಸುವ ತನಕ ಪಕ್ಕದಲ್ಲಿ ಕುಳಿತಿದ್ದವಳು ನಾನು. ಆದರೂ ಮಾರನೆಯ ದಿನ ಶಟರ್ ಎತ್ತಿ ಆ ಫ್ಲೆಕ್ಸ್ ಕಂಡಾಗ, ಅದೇ ಹೆಸರಿನ ಇನ್ನೊಬ್ಬರು ಯಾರೋ ಪಾಪ ಎಂದುಕೊಂಡೆ. ಪಕ್ಕದ ಹೂವಿನವಳು, "ಯಾರೋ ಸೀರಿಯಲ್‌ನವ್ರ್ ಕಾಣತ್ತ್ ಜಲಜಕ್ಕ. ಇನ್ನೂ ಪ್ರಾಯ ಇದ್ದಿತ್" ಎಂದು ಮರುಗಿದಳು. ಸ್ವಲ್ಪ ಹೊತ್ತಿಗೆ ಟೀಚರ ಹಳೆಯ ಶಿಷ್ಯ ಒಬ್ಬ ಆಟೋ ನಿಲ್ಲಿಸಿ ಇಳಿದ. ಫ್ಲೆಕ್ಸ್ ನೋಡಿ ನಗುತ್ತ ನನ್ನ ಹತ್ತಿರ ಬಂದ.

"ಜಲಜಕ್ಕ, ನಮ್ಮ ಟೀಚರ್ ಹೆಸ್ರೇ ಇತ್ತಲೆ ಇದ್ರಲ್ಲಿ. ಟೀಚರಿಗ್ ಹೇಳ್ಕ್ ಮಾರಾಯ್ರೆ. ಎಷ್ಟ್ ನೆಗ್ಯಾಡ್ತ್ರೋ ಏನೋ."

ಅವನಿಗೆ ನಾನು ಹೇಳಬೇಕಾಯಿತು. ಅವನು ಆಟೋದ ಮೆಟ್ಟಿಲ ಮೇಲೆ ಕುಳಿತುಬಿಟ್ಟ. ಬಾಡಿಗೆಗೆ ಬಂದವರಿಗೆ ಮುಂದಿನ ಆಟೋಕ್ಕೆ ಹೋಗಿ ಎಂದ.

ಹಾಗಾಗಿ ಟೀಚರ ಮುಖ ಹೇಗಿತ್ತು ಎಂದು ಯಾರಾದರೂ ಸರಿಯಾಗಿ ಹೇಳಿಡಬೇಕು. ಬಣ್ಣ ಕಪ್ಪು. ಎಣ್ಣೆಗಪ್ಪಲ್ಲ, ದೋಸೆ ಕಾವಲಿಯ ಕಪ್ಪು ಎಂದು ಅವರೇ ತಿದ್ದುತ್ತಿದ್ದರು. ಮೂಗು ಅಗಲ. ಮುಂದಿನ ಎರಡು ಹಲ್ಲುಗಳ ನಡುವೆ ಸಂದು, ಆ ಸಂದಿನಿಂದ ಸಿಳ್ಳೆ ಹೊಡೆದು ಇಡೀ ತರಗತಿಯನ್ನು ಸುಮ್ಮನಾಗಿಸುತ್ತಿದ್ದರು. ತುಟಿಯ ಕೆಳಗೆ ಗಲ್ಲದಲ್ಲಿ ಕಡಲೆಕಾಳಿನಷ್ಟು ದೊಡ್ಡ ಮಚ್ಚೆ, ಅದರಲ್ಲಿ ಉದ್ದ ಕೂದಲು. ಯೋಚನೆ ಬಂದರೆ ಆ ಕೂದಲನ್ನು ಬೆರಳಿಗೆ ಸುತ್ತುವುದು ಅವರ ಅಭ್ಯಾಸ. ಮೇಲ್ದುಟಿಯಲ್ಲಿ ಮೀಸೆಯೂ ಇತ್ತು. ನಮ್ಮ ಅಂಗಡಿಗೆ ಬರುವ ಹುಡುಗಿಯೊಬ್ಬಳು ಅದನ್ನು ಪಾರ್ಲರಿನಲ್ಲಿ ತೆಗೆಸಬಹುದಲ್ಲ ಟೀಚರೇ ಎಂದಾಗ, "ನೀರ್ ಹಾಕ್ದೆ ಗೊಬ್ರ ಹಾಕ್ದೆ ತಾನಾಯಿಯೇ ಬೆಳ್ದದ್ದ್ ಹೆಣೆ. ಕೊಯ್ಯುಕೆ ಮನ್ಸ್ ಬತ್ತಿಲ್ಲೆ" ಎಂದಿದ್ದರು. ಹೆಣೆ ಎಂದರೆ ನಮ್ಮಲ್ಲಿ ಹೆಣ್ಣನ್ನು ಸಲಿಗೆಯಿಂದ ಕರೆಯುವ ಮಾತು.

ಫ್ಲೆಕ್ಸಿನ ಹೆಂಗಸು ಮೈದಾ ಹಿಟ್ಟಿನ ಬಣ್ಣದವಳು. ಮೂಗು ಕೆತ್ತಿದ ಪೆನ್ಸಿಲಿನ ಹಾಗೆ. ಹಲ್ಲಿನ ಸಂದು ಮುಚ್ಚಿತ್ತು, ಮಚ್ಚೆ ಹಾರಿಹೋಗಿತ್ತು, ತುಟಿಗೆ ಕೆಂಪು ಬಂದಿತ್ತು. ನಾನು ಸ್ಟುಡಿಯೋಕ್ಕೆ ಹೋಗಿ ಕೇಳಿದೆ. ಅಲ್ಲಿನವನು ಪಾಪದವ. ಟೀಚರ ಶಾಲೆಯ ಗುರುತಿನ ಚೀಟಿಯ ಫೋಟೋವನ್ನು ಮನೆಯವರು ಕೊಟ್ಟಿದ್ದರಂತೆ. ಅದರ ಅರ್ಧ ಮುಖದ ಮೇಲೆ ಸರಕಾರಿ ಸೀಲು. ಸೀಲು ಅಳಿಸುವಾಗ ಮೂಗು ಹೋಯಿತಂತೆ.

"ಮೂಗ್ ಹೋಯ್ಲಿ, ಬೆಳ್ಳಗ್ ಆದ್ದ್ ಹ್ಯಾಂಗೆ?" ಎಂದೆ.

"ಅದ್ ನಾನ್ ಮಾಡದ್ದಲ್ಲ ಅಕ್ಕ. ಹೆಂಗ್ಸ್ರ ಫೋಟೋ ಅಂದ್ ಒತ್ರೆ ಕಂಪ್ಯೂಟರೇ ಬೆಳ್ಳಗ್ ಮಾಡತ್ತ್."

"ಗಂಡ್ಸ್ರದ್ದ್ ಒತ್ರೆ?"

"ಮೀಸೆ ದಪ್ಪ ಆತ್ತ್."

ಟೀಚರಿಗೆ ಅದನ್ನೇ ಒತ್ತಬಹುದಿತ್ತು ಎಂದು ನನಗೆ ಅನಿಸಿತು.

ಟೀಚರಿಗೆ ಇದ್ದದ್ದು ಒಬ್ಬ ತಮ್ಮ. ಬೊಂಬಾಯಿಯಲ್ಲಿ ಹೋಟೆಲು ನಡೆಸುತ್ತಾರೆ. ಸುದ್ದಿ ಕೇಳಿದ ಕೂಡಲೇ ಹೊರಟುಬಂದು ಎಲ್ಲವನ್ನೂ ಕ್ರಮದಲ್ಲಿ ಮಾಡಿಸುತ್ತಿದ್ದರು. ಬೊಜ್ಜ ಮುಗಿಸಿಯೇ ಹೋಗುವುದು ಎಂದು ನಿಂತಿದ್ದರು. ಸತ್ತವರ ಕೊನೆಯ ಕ್ರಿಯೆಗೂ ಆ ದಿನದ ಊಟಕ್ಕೂ ನಮ್ಮಲ್ಲಿ ಬೊಜ್ಜ ಎನ್ನುತ್ತೇವೆ. ಅಂದು ಚಾವಡಿಯಲ್ಲಿ ಸತ್ತವರ ಫೋಟೋ ಇಟ್ಟು, ಬಂದವರು ಹೂ ಹಾಕುವುದು ಕ್ರಮ. ಆ ಫೋಟೋವನ್ನೂ ಫ್ಲೆಕ್ಸಿನದ್ದೇ ಮಾಡಿಸುತ್ತಾರೆ ಎಂದು ತಿಳಿದು ನಾನು ಮಾತಾಡಲು ಹೋದೆ.

"ಆ ಫೋಟೋ ಟೀಚರ್ದಲ್ಲ ಅಂದ್ ಜನ ಹೇಳ್ತ್ರ್" ಎಂದೆ.

"ನಂಗೊತ್ತಿತ್ತ್ ಜಲಜಕ್ಕ" ಎಂದರು ತಮ್ಮ. "ಸ್ಟುಡಿಯೋದವ ಸಮಾ ಮಾಡ್ಲಾ ಕೇಳ್ದ. ಮಾಡ್ ಅಂದೆ. ಬದ್ಕಿಪ್ಪತಿಗೆ ಅಕ್ಕಯ್ಯನ್ನ ಒಬ್ರೂ ಚೆಂದ ಅಂದದ್ದ್ ನಾನ್ ಕೇಳ್ಲಿಲ್ಲೆ. ಈಗಾರೂ ಒಂಚೂರ್ ಚೆಂದ ಇರ್ಲಿ ಅಂದೇಳಿ."

ನಾನು ಜಗಳಕ್ಕೆ ತಯಾರಾಗಿ ಹೋದವಳು. ಈ ಮಾತು ಕೇಳಿ ಜಗಳ ಬಿಟ್ಟೆ. ಫ್ಲೆಕ್ಸ್ ಹೋದರೆ ಹೋಗಲಿ, ಮನೆಯೊಳಗೆ ಇಡುವ ಫೋಟೋದಲ್ಲಾದರೂ ಟೀಚರು ಇರಲಿ ಎಂದೆ.

ಅವರು ಒಪ್ಪಿದರು. "ಅಚ್ಛಾ. ಹಂಗಾರೆ ಲಾಯ್ಕಿಪ್ಪ ಫೋಟೋ ಒಂದ್ ಹುಡ್ಕಿ ಕೊಡಿ. ಸಿಕ್ಕದಿದ್ರೆ ಇದೇ."

ಲಾಯ್ಕ್ ಎನ್ನುವುದು ನಮ್ಮ ಕಡೆಯ ದೊಡ್ಡ ಚೀಲ, ಅದರೊಳಗೆ ಏನು ಬೇಕಾದರೂ ಹಿಡಿಯುತ್ತದೆ. ಮೀನು ತಾಜಾ ಇದ್ದರೆ ಲಾಯ್ಕ್, ಸಾರಿಗೆ ಹುಳಿ ಹದವಾದರೆ ಲಾಯ್ಕ್, ಹುಡುಗಿ ಬೆಳ್ಳಗಿದ್ದರೂ ಲಾಯ್ಕ್. ಈ ಕೊನೆಯದನ್ನು ಟೀಚರು ಒಪ್ಪುತ್ತಿರಲಿಲ್ಲ. "ಚೆಂದ ಅಂದ್ರೆ ದೂರದಿಂದ ಕಾಂಬುಕೆ. ಲಾಯ್ಕ್ ಅಂದ್ರೆ ಹತ್ರ ಕೂಕಂಬುಕೆ. ಎರ್ಡನ್ನೂ ಒಂದೇ ಪಾತ್ರಿಗೆ ಹಾಕ್ಬ್ಯಾಡಿ" ಎನ್ನುತ್ತಿದ್ದರು.

ನನಗೆ ಅವರ ಪರಿಚಯವಾದದ್ದು ಕಿಸೆಯಿಂದ. ಬ್ರಹ್ಮಾವರದ ಕಡೆಯ ಶಾಲೆಯಿಂದ ವರ್ಗವಾಗಿ ಇಲ್ಲಿಗೆ ಬಂದ ಹೊಸತರಲ್ಲಿ ರವಿಕೆಯ ಬಟ್ಟೆ ತಂದು, ಇದಕ್ಕೆ ಎರಡು ಕಿಸೆ ಇಡಬೇಕು ಎಂದರು. ರವಿಕೆಗಾ ಎಂದೆ. "ಅಂಗಿಗೆ ಇಡ್ತಿ ಅಲ್ದಾ? ಗಂಡಸ್ರಿಗೆ ಮಾತ್ರ ಸಾಮಾನ್ ಇಪ್ಪುದಾ?" ಎಂದರು. ಒಂದು ಕಿಸೆ ಸೀಮೆಸುಣ್ಣಕ್ಕೆ, ಒಂದು ಪೆನ್ಸಿಲಿಗೆ. ನಾನು ಹೊಲಿದುಕೊಟ್ಟೆ. ಅಂಗಡಿಯಲ್ಲಿ ಕುಳಿತ ಹೆಂಗಸರೆಲ್ಲ ಬಾಯಿಗೆ ಸೆರಗು ಒತ್ತಿ ನಕ್ಕರು. ಮುಂದಿನ ತಿಂಗಳಲ್ಲಿ ಅವರಲ್ಲೇ ಇಬ್ಬರು ಬಂದು, ಬೇರೆ ಯಾರಿಗೂ ಕೇಳದ ಹಾಗೆ, ಮೊಬೈಲು ಹಿಡಿಯುವಷ್ಟು ಕಿಸೆ ಇಡಲು ಹೇಳಿಹೋದರು.

ಶಾಲೆಯಲ್ಲಿ ಅವರು ಮಾಡಿದ್ದರಲ್ಲಿ ಎರಡು ಸಂಗತಿ ಊರಿಗೇ ಗೊತ್ತು. ಮಕ್ಕಳಿಗೆ ಅಮ್ಮನ ಚಿತ್ರ ಬಿಡಿಸಿ ಎಂದರಂತೆ. ಎಲ್ಲರೂ ಒಂದೇ ಹೆಂಗಸನ್ನು ಬರೆದರು. ಕಿವಿ ತನಕ ಕಣ್ಣು, ಕೈಮುಷ್ಟಿಯಷ್ಟು ಸೊಂಟ, ಮೊಣಕಾಲು ತನಕ ಜಡೆ. ಟೀಚರು ಒಬ್ಬಳನ್ನು ಕರೆದು, "ನಿನ್ನಬ್ಬಿ ನಿನ್ನೆ ರೇಷನ್ ಅಂಗ್ಡಿಲಿ ಸಿಕ್ಕಿದ್ರ್. ಅವ್ರಿಗೆ ಇಷ್ಟ್ ಸಣ್ಣ ಸೊಂಟ ಎಲ್ಲಿತ್ತ್? ಮನಿಗ್ ಹೋಯಿ ಅಳ್ದ್ಕಂಡ್ ಬಾ" ಎಂದರು. ಒಬ್ಬಳಿಗೆ ಹೇಳಿದ್ದನ್ನು ಇಡೀ ತರಗತಿ ಹೋಂವರ್ಕ್ ಎಂದು ತಿಳಿಯಿತು. ಅಂದು ಸಂಜೆ ನನ್ನ ಅಂಗಡಿಯ ಟೇಪುಗಳೆಲ್ಲ ಮಕ್ಕಳ ಕೈಯಲ್ಲಿ ಹೋದವು. ಟೇಪು ಸಿಗದವರು ಬಾವಿಯ ಹಗ್ಗ ತಂದರಂತೆ. ಮರುದಿನ ಅಮ್ಮಂದಿರೆಲ್ಲ ಶಾಲೆಗೆ ಬಂದರು. ಹೆಡ್ಮಾಸ್ತರರು ಬಾಗಿಲು ಹಾಕಿಕೊಂಡು ಕುಳಿತರು. ಟೀಚರು ಮಾತ್ರ ಹೊಸ ಚಿತ್ರಗಳನ್ನು ಗೋಡೆಗೆ ಅಂಟಿಸಿ, ಅಮ್ಮಂದಿರಿಗೆ ಅವರವರದ್ದನ್ನು ಹುಡುಕಿಕೊಳ್ಳಿ ಎಂದರು. ಬೈಯಲು ಬಂದವರು ಹುಡುಕುವುದರಲ್ಲಿ ಬಿದ್ದರು. ಎಲ್ಲರಿಗೂ ತಮ್ಮ ತಮ್ಮ ಚಿತ್ರ ಸಿಕ್ಕಿತು. ಸಿಕ್ಕಿದ್ದೇ ಸಿಟ್ಟಾಯಿತು. ಆದರೂ ಮೂರ್ನಾಲ್ಕು ಜನ ಚಿತ್ರವನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದರು.

ಇನ್ನೊಂದು ಬಣ್ಣದ ಕಡ್ಡಿಯದ್ದು. ಡಬ್ಬಿಯಲ್ಲಿ ಮಾಸಲು ಗುಲಾಬಿಯ ಒಂದು ಕಡ್ಡಿಗೆ ಮೈಬಣ್ಣ ಎಂದು ಹೆಸರು ಬರೆದಿರುತ್ತದೆ. ಟೀಚರು ಪ್ರತಿಯೊಂದು ಮಗುವಿನ ತೋಳಿಗೆ ಆ ಕಡ್ಡಿ ಹಿಡಿದು ನೋಡಿದರು. ಯಾರ ತೋಳಿಗೂ ಹೊಂದಲಿಲ್ಲ. ಕೊನೆಗೆ ಬಿಸಿಯೂಟದ ಹೊತ್ತಿಗೆ ಮೀನು ಮಾರುವವರ ಬುಟ್ಟಿಯ ಹತ್ತಿರ ಹೋಗಿ ಒಂದೊಂದೇ ಮೀನಿಗೆ ಹಿಡಿದು ನೋಡಿ, ಕಾಣೆ ಮೀನಿನ ಹೊಟ್ಟೆಗೆ ಸರಿಹೊಂದಿತು ಎಂದು ಘೋಷಿಸಿದರು. ಆಮೇಲೆ ಆ ಶಾಲೆಯಲ್ಲಿ ಅದರ ಹೆಸರು ಕಾಣೆಹೊಟ್ಟೆ ಬಣ್ಣ. ಅಲ್ಲಿ ಕಲಿತ ಮಕ್ಕಳು ಈಗಲೂ ಅಂಗಡಿಗೆ ಬಂದು ಸೀರೆಗೆ ಕಾಣೆಹೊಟ್ಟೆ ಬಣ್ಣದ ಫಾಲ್ಸ್ ಇತ್ತಾ ಎಂದು ಕೇಳುತ್ತಾರೆ. ನನಗೆ ಅರ್ಥವಾಗುತ್ತದೆ.

ನಿವೃತ್ತಿಯ ಮೇಲೆ ಒಮ್ಮೆ ಅವರು ಕೇರಳದ ಕಡೆ ದೊಡ್ಡದೊಂದು ಕಲಾಪ್ರದರ್ಶನ ನೋಡಲು ಒಬ್ಬರೇ ರೈಲು ಹತ್ತಿ ಹೋದರು. ಹಿಂತಿರುಗಿ ಬಂದವರು ಮನೆಗೂ ಹೋಗದೆ ಸೀದಾ ಅಂಗಡಿಗೆ ಬಂದು ಸ್ಟೂಲಿನಲ್ಲಿ ಕುಳಿತರು.

"ಅಲ್ಲೊಬ್ಳ್ ಹೆಂಗಸ್ ತನ್ನ ಹೊಟ್ಟೆ ಅಚ್ಚ್ ತೆಗ್ದ್ ಗೋಡಿಗೆ ತೂಗ್ಹಾಕಿದ್ಳ್ ಹೆಣೆ."

"ಹೊಟ್ಟೆಯಾ?"

"ಹೌದ್, ಪ್ಲಾಸ್ಟರಿಂದ್. ಮಡ್ಚ್, ಗೀರ್, ಆಪ್ರೇಷನ್ ಹೊಲ್ಗಿ, ಎಲ್ಲ ಇತ್ತ್. ಜನ ಹತ್ರ ಹೋಯಿ ಹೋಯಿ ಕಾಂತ್ರ್."

"ಅದ್ರೊಳ್ಗೆ ಎಂತ ಇತ್ತ್?"

"ಎಂತ ಇಲ್ಲೆ. ಹೊಟ್ಟೆ."

ನಾನು ಮಷೀನು ತುಳಿಯುವುದನ್ನು ನಿಲ್ಲಿಸಿ ಅದನ್ನು ಕಲ್ಪಿಸಿಕೊಳ್ಳಲು ನೋಡಿದೆ. ಆಗಲಿಲ್ಲ. ಅವರು ಗಲ್ಲದ ಕೂದಲು ಸುತ್ತಲು ಶುರುಮಾಡಿದ್ದರು. ನನಗೆ ಆಗಲೇ ಸಣ್ಣ ಹೆದರಿಕೆ ಹುಟ್ಟಿತು.

ಹೆದರಿಕೆ ಸುಳ್ಳಾಗಲಿಲ್ಲ. ಅವರ ಕಣ್ಣು ಬಿದ್ದದ್ದು ನನ್ನ ಅಂಗಡಿಯ ಅಳತೆ ಬ್ಲೌಸುಗಳ ಮೇಲೆ. ಹೊಸ ಬ್ಲೌಸು ಹೊಲಿಸಲು ಬರುವವರು ಅಳತೆಗೆ ಒಂದು ಹಳೆಯದನ್ನು ತರುತ್ತಾರೆ. ತರುವುದು ಈಗ ಹಾಕುವುದನ್ನಲ್ಲ. ಮದುವೆಯ ವರ್ಷದ್ದನ್ನು, ಮೊದಲ ಹೆರಿಗೆಗೆ ಮುಂಚಿನದ್ದನ್ನು. ಇದೇ ಅಳತೆಗೆ ಹೊಲಿ, ನಾನು ಸಪೂರ ಆಗುವುದರಲ್ಲಿದ್ದೇನೆ ಎನ್ನುತ್ತಾರೆ. ಟೇಪು ಹಿಡಿದು ಹೋದರೆ ಉಸಿರು ಒಳಗೆಳೆದು ಕಂಬದ ಹಾಗೆ ನಿಲ್ಲುತ್ತಾರೆ. "ಉಸ್ರ್ ಬಿಡಿ" ಎಂದು ನಾನು ಹೇಳಬೇಕು. ಬಿಡುವುದಿಲ್ಲ. ಹೊಲಿದದ್ದು ಬಿಗಿಯಾದರೆ ನನ್ನ ಕೈ ಸರಿಯಿಲ್ಲ ಎನ್ನುತ್ತಾರೆ. ಹೀಗೆ ಮರಳಿ ಒಯ್ಯದ ಅಳತೆ ಬ್ಲೌಸುಗಳು ಒಂದು ಗೋಣಿಚೀಲ ತುಂಬ ಇದ್ದವು. ಟೀಚರು ಅದನ್ನು ಕೇಳಿದರು. ನಾನು ಬೇಡವೆಂದೆ. ಅವರು ಸ್ಟೂಲಿನಲ್ಲಿ ಕುಳಿತು ಸಂದಿನಿಂದ ಸಿಳ್ಳೆ ಹಾಕುತ್ತ ಇದ್ದರು. ಗಿರಾಕಿಗಳು ಬಂದು ಹೋದರೂ ನಿಲ್ಲಿಸಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಚೀಲ ಕೊಟ್ಟೆ.

ಅವರ ಅಂಗಳದಲ್ಲಿ ಪ್ರದರ್ಶನವಾಯಿತು. ಬೈಹುಲ್ಲು ತುಂಬಿದ ಹೆಂಗಸರು, ಕೋಲಿನ ಮೇಲೆ ನಿಂತವರು, ತಲೆಯ ಬದಲು ಮಡಕೆ. ಮುಖ ಬರೆಯಲಿಲ್ಲ. ಮುಖ ಬರೆದರೆ ಜನ ಮುಖವನ್ನೇ ನೋಡಿ ಹೋಗುತ್ತಾರೆ ಎಂದರು. ಒಬ್ಬೊಬ್ಬರಿಗೆ ಒಂದೊಂದು ಅಳತೆ ಬ್ಲೌಸು. ಆದರೆ ಹುಲ್ಲು ತುಂಬಿದ್ದು ಈಗಿನ ಅಂದಾಜಿಗೆ, ಪೇಟೆಯಲ್ಲಿ ಕಂಡ ಹಾಗೆ. ಒಂದಕ್ಕೂ ಗುಂಡಿ ಕೂಡಲಿಲ್ಲ. ಎಲ್ಲರ ಎದೆಯಿಂದಲೂ ಹುಲ್ಲು ಇಣುಕುತ್ತಿತ್ತು. ಗೇಟಿಗೆ ಇದ್ದಲಿನಿಂದ ಬರೆದ ಬೋರ್ಡು: ಉಸ್ರ್ ಬಿಡಿ.

ಬ್ಲೌಸುಗಳು ಯಾರು ಯಾರದ್ದೆಂದು ಊರಿಗೆ ಗೊತ್ತಾದರೆ ನಾನು ಮಷೀನು ಮಡಚಿಡುವುದೇ. ಮೊದಲು ಬಂದವರು ಗಂಗೊಳ್ಳಿಯಿಂದ ಮೀನು ತರುವ ಗುಲಾಬಕ್ಕ. ಬುಟ್ಟಿ ತಲೆಯ ಮೇಲೆಯೇ ಇತ್ತು.

"ಇದೆಂತ ಟೀಚರೇ, ಬೆರ್ಚಪ್ಪನಾ?" ಎಂದರು. ಹಕ್ಕಿ ಓಡಿಸಲು ಗದ್ದೆಯಲ್ಲಿ ನಿಲ್ಲಿಸುವ ಹುಲ್ಲಿನ ಆಳಿಗೆ ನಮ್ಮಲ್ಲಿ ಬೆರ್ಚಪ್ಪ ಎನ್ನುತ್ತೇವೆ.

"ಬೆರ್ಚಪ್ಪ ಅಲ್ಲ, ಬೆರ್ಚಮ್ಮ."

"ಕಾಕಿ ಓಡ್ಸುಕಾ?"

"ಅಲ್ಲ, ಗಂಡಿನ ಕಡೆಯವ್ರನ್ನ್ ಓಡ್ಸುಕೆ."

ಗುಲಾಬಕ್ಕ ಒಂದೊಂದನ್ನೇ ನೋಡುತ್ತ ಹೋದರು. ನಾನು ತುಳಸಿಕಟ್ಟೆಯ ಹಿಂದೆ ನಿಂತಿದ್ದೆ. ಮೂಲೆಯ ಗಿಳಿಹಸಿರು ಬ್ಲೌಸಿನ ಎದುರು ನಿಂತುಬಿಟ್ಟರು. ಎಲ್ಲಕ್ಕಿಂತ ಸಣ್ಣದು ಅದು. ಜರಿಯ ಅಂಚು, ತೋಳು ನನ್ನ ಮಣಿಕಟ್ಟಿನಷ್ಟು. "ಇದ್ ನಂದಲ್ದಾ" ಎಂದರು. ಅಷ್ಟರಲ್ಲಿ ಸೊಸೈಟಿ ಮೇನೇಜರ ಹೆಂಡತಿ ಕೊಡೆ ಮಡಚುತ್ತ ಒಳಗೆ ಬಂದರು. ಅವರೂ ಸುತ್ತ ನೋಡಿ ಅಲ್ಲಿಗೇ ಬಂದರು.

"ಈ ಹಸ್ರ್ ನಂದ್. ಮದಿ ವರ್ಷದ್ದ್."

"ಎಂತ ನಿಮ್ದ್? ತೋಳ್ ಕಾಣಿ, ನನ್ನ ತೋಳೇ" ಎಂದರು ಗುಲಾಬಕ್ಕ.

"ನಿಮ್ಮ ತೋಳ್ ಅದ್ರೊಳ್ಗೆ ಹೋದ್ದ್ ಯಾವ ಕಾಲಕ್ಕೆ?"

"ನಿಮ್ದ್ ಹೋಯ್ತಾ? ಕಾಂಬ."

ಹಿಂದಿನಿಂದ ಬಂದ ಇನ್ನಿಬ್ಬರೂ ಅದು ತಮ್ಮದೇ ಎಂದರು. ನಡುವೆ ನಿಂತಿದ್ದ ಎಲ್ಲಕ್ಕಿಂತ ದೊಡ್ಡ ಬ್ಲೌಸನ್ನು ಯಾರೂ ಕಣ್ಣೆತ್ತಿ ನೋಡಲಿಲ್ಲ. ಅದು ಹಾಯಿಯ ಹಾಗೆ ಗಾಳಿ ತುಂಬಿಕೊಂಡು ಒಂದೇ ನಿಂತಿತ್ತು.

ಟೀಚರು ಮುಂದೆ ಬಂದರು. "ಜಗ್ಳ ಎಂತಕೆ? ಹಾಕಂಡ್ ಕಾಣಿ. ಯಾರಿಗೆ ಆತ್ತೋ ಅವ್ರದ್ದ್."

ಮೇನೇಜರ ಹೆಂಡತಿ ಹಿಂದೆ ಸರಿದರು. ಗುಲಾಬಕ್ಕ ಹಿಂದೆ ಸರಿಯುವವರಲ್ಲ. ಬುಟ್ಟಿ ಇಳಿಸಿ, ತೊಟ್ಟ ರವಿಕೆಯ ಮೇಲೆಯೇ ಅದನ್ನು ಏರಿಸಿದರು. ಒಂದು ತೋಳು ಮೊಣಕೈ ತನಕ ಹೋಯಿತು. ಅಲ್ಲಿಂದ ಮೇಲೆ ಹೋಗಲಿಲ್ಲ, ಕೆಳಗೂ ಬರಲಿಲ್ಲ. ಗುಲಾಬಕ್ಕನ ಕೈ ಆಕಾಶದ ಕಡೆ ನಿಂತುಹೋಯಿತು.

"ಬತ್ತಿಲ್ಲೆ ಹೆಣೆ. ಕತ್ರಿ ತಾ" ಎಂದರು ನನಗೆ.

"ಕತ್ರಿ ಬ್ಯಾಡ" ಎಂದರು ಟೀಚರು. "ಹಂಗೇ ನಿಂತ್ಕಣಿ ಗುಲಾಬಕ್ಕ. ಹೀಂಗೇ ಲಾಯ್ಕಿತ್ತ್." ಕಿಸೆಯಿಂದ ಪೆನ್ಸಿಲು ತೆಗೆದು ಬರೆಯಲು ಕುಳಿತರು. ಬೆಕ್ಕು ಬುಟ್ಟಿಗೆ ಬಾಯಿ ಹಾಕಿತು. ಗುಲಾಬಕ್ಕ ಬೆಕ್ಕಿಗೆ ಬೈದರೇ ಹೊರತು ಅಲುಗಾಡಲಿಲ್ಲ. ಚಿತ್ರ ಬರೆಸಿಕೊಳ್ಳುವುದು ಅವರಿಗೆ ಅದೇ ಮೊದಲು.

ಅದೇ ಹೊತ್ತಿಗೆ ಪಂಚಾಯತ್ ಮೆಂಬರು ಬಂದರು. ಹೆಣ್ಣುಮಕ್ಕಳ ಮರ್ಯಾದೆ ಬೀದಿಗೆ ಬಂದಿದೆ ಎಂದು ಯಾರೋ ಅವರಿಗೆ ದೂರು ಕೊಟ್ಟಿದ್ದರಂತೆ. ಕನ್ನಡಕ ಏರಿಸಿ ಬೊಂಬೆಗಳನ್ನು ಪರೀಕ್ಷೆ ಮಾಡುತ್ತ ಬಂದು, ಕೈ ಎತ್ತಿದ ಬೊಂಬೆಯ ಹತ್ತಿರ ಬಗ್ಗಿದರು. ಬೊಂಬೆ, "ಬಂಗ್ಡಿ ಮೀನ್ ಬೇಕಾ?" ಎಂದು ಕೇಳಿತು.

ಅವರು ಅಂಗಳದ ಆಚೆ ಬದಿಗೆ ಹೋಗಿ ನಿಂತರು. ಕನ್ನಡಕವನ್ನು ನಾನು ಹೆಕ್ಕಿ ಕೊಟ್ಟೆ.

"ಇದೆಲ್ಲ ಎಂತ ಟೀಚರೇ?" ಎಂದರು, ಉಸಿರು ಸಿಕ್ಕಿದ ಮೇಲೆ.

"ಕಂಟೆಂಪರರಿ ಆರ್ಟ್."

"ಟೆಂಪರರಿಯಾ?"

"ಹೌದ್. ಆಯ್ತ್ವಾರದೊರೆಗೆ."

"ಟೆಂಪರರಿ ಆರೆ ಅಡ್ಡಿಲ್ಲೆ" ಎಂದು ಮೆಂಬರು ಹೋದರು. ಪಂಚಾಯತಿನಲ್ಲೂ ಹಾಗೆಯೇ ಹೇಳಿದರಂತೆ.

ಗುಲಾಬಕ್ಕನ ತೋಳು ಬಿಡಿಸುವಾಗ ನಾನು ಸತ್ಯ ಹೇಳಬೇಕಾಯಿತು. ಆ ಗಿಳಿಹಸಿರು ಬ್ಲೌಸು ಅವರಲ್ಲಿ ಯಾರದ್ದೂ ಅಲ್ಲ. ಯಕ್ಷಗಾನ ಮೇಳದಲ್ಲಿ ಸ್ತ್ರೀವೇಷ ಮಾಡುವ ಮಾಣಿಯೊಬ್ಬ ಅಳತೆಗೆಂದು ಕೊಟ್ಟು, ಮತ್ತೆ ಬರಲೇ ಇಲ್ಲ. ಮೇನೇಜರ ಹೆಂಡತಿ ಕೊಡೆಯ ತುದಿಯಿಂದ ನೆಲ ಕೆರೆಯುತ್ತ, "ಆ ಮಾಣಿ ಸೊಂಟ ಕಂಡ್ಕಂಡಾ ನಾವ್ ಇಷ್ಟ್ ವರ್ಷ ಹೊಟ್ಟಿ ಒಳ್ಗೆ ಎಳ್ಕಂಡದ್ದ್?" ಎಂದರು. ಆಮೇಲೆ ಶುರುವಾದ ನಗು ಎಷ್ಟಾಯಿತೆಂದರೆ ಬಸ್ಸಿಗೆ ಕಾಯುತ್ತಿದ್ದವರು ಬಸ್ಸು ಬಿಟ್ಟು ಒಳಗೆ ಬಂದರು. ನಡುವಿನ ದೊಡ್ಡ ಬ್ಲೌಸು ಯಾರದ್ದೆಂದು ಒಬ್ಬರು ಕೇಳಿದಾಗ ಯಾರೂ ತುಟಿ ಬಿಚ್ಚಲಿಲ್ಲ. "ಹಂಗಾರೆ ನಂದ್" ಎಂದು ಟೀಚರು ಅದನ್ನು ಬೊಂಬೆಯಿಂದ ಬಿಚ್ಚಿ ತಾವು ಹಾಕಿಕೊಂಡು ಇಡೀ ದಿನ ತಿರುಗಿದರು. ಅದರೊಳಗೆ ಇನ್ನೊಬ್ಬರಿಗೆ ಜಾಗವಿತ್ತು.

ನನ್ನ ಮಷೀನು ಮಡಚಬೇಕಾಗಲಿಲ್ಲ. ಮುಂದಿನ ವಾರ ಕೆಲವರು ಬಂದು ಹೊಸ ಅಳತೆ ತೆಗೆಯಿರಿ ಎಂದು ಉಸಿರು ಬಿಟ್ಟು ನಿಂತರು. ಎಲ್ಲರೂ ಅಲ್ಲ. ಮೇನೇಜರ ಹೆಂಡತಿ ಈಗಲೂ ಮದುವೆಯ ಬ್ಲೌಸನ್ನೇ ತರುತ್ತಾರೆ.

ಆದಿತ್ಯವಾರ ಸಂಜೆ ಬೊಂಬೆ ಬಿಚ್ಚುವಾಗ ನಾನು ಕೇಳಿದೆ, ಗಂಡಿನ ಕಡೆಯವರನ್ನು ಓಡಿಸುವುದು ಎಂದರೇನು ಎಂದು. ಹುಲ್ಲು ಕಟ್ಟುತ್ತ ಹೇಳಿದರು. ಅವರಿಗೆ ಮದುವೆಯ ಪ್ರಾಯ ಬಂದಾಗ ಬೈಂದೂರಿನ ಒಂದು ಸ್ಟುಡಿಯೋದಲ್ಲಿ ಫೋಟೋ ತೆಗೆಸಿದ್ದರಂತೆ. ಆಗ ಕಂಪ್ಯೂಟರು ಇರಲಿಲ್ಲ, ಕುಂಚದಲ್ಲೇ ತಿದ್ದುವುದು. ಮುಖಕ್ಕೆಲ್ಲ ಬಿಳಿ ಎಳೆದು, ಮಚ್ಚೆ ಅಳಿಸಿ ಕೊಟ್ಟರು. ಆ ಫೋಟೋ ಮೆಚ್ಚಿ ಶಂಕರನಾರಾಯಣ ಊರಿನ ಕಡೆಯಿಂದ ಗಂಡಿನವರು ಬಂದರು. ಇವರು ಅವಲಕ್ಕಿಯ ತಟ್ಟೆ ಹಿಡಿದು ಹೊರಗೆ ಬಂದರೆ, ಗಂಡಿನ ತಾಯಿ ಅವಲಕ್ಕಿ ತೆಗೆದುಕೊಂಡು, "ಹುಡ್ಗಿನ್ ಕರಿ ಕಾಂಬ" ಎಂದರಂತೆ.

"ನಾನ್ ಒಳ್ಗ್ ಹೋಯಿ, ಆ ಫೋಟೋನ ಮುಖಕ್ ಅಡ್ಡ ಹಿಡ್ಕಂಡ್ ಹೊರ್ಗ್ ಬಂದೆ. ಬಂದ್ಳ್ ಕಾಣಿ ಅಂದೆ."

"ಅವ್ರ್ ಎಂತ ಹೇಳ್ರ್?"

"ಅವ್ಲಕ್ಕಿ ಲಾಯ್ಕಿತ್ತ್ ಅಂದ್ರ್. ತಿಂದ್ ಹೋದ್ರ್."

ನಾವಿಬ್ಬರೂ ಹುಲ್ಲಿನ ರಾಶಿಯ ಮೇಲೆ ಬಿದ್ದು ನಕ್ಕೆವು. ಆಮೇಲೆ ಹೇಳಿದರು, ಅಪ್ಪಯ್ಯ ಆ ಫೋಟೋಕ್ಕೆ ಕಟ್ಟು ಹಾಕಿಸಿ ಚಾವಡಿಯಲ್ಲಿ ತೂಗುಹಾಕಿದ್ದರಂತೆ. ಬಂದವರು ಇದ್ಯಾರು ಎಂದು ಕೇಳುತ್ತಿದ್ದರು. ಅಬ್ಬಿ ದೂರದ ಸಂಬಂಧ ಎನ್ನುತ್ತಿದ್ದರು. "ನಂಗೂ ಹಾಂಗೇ ಅನ್ಸುಕೆ ಶುರುವಾಯ್ತ್ ಹೆಣೆ. ನಾನೇ ಆ ಮನಿಗೆ ದೂರದ್ ಸಂಬಂದ ಅಂದೇಳಿ." ಇದನ್ನು ಹೇಳುವಾಗ ಅವರು ನಗಲಿಲ್ಲ. ಹುಲ್ಲಿನ ಕಟ್ಟನ್ನು ಮೊಣಕಾಲಿನಲ್ಲಿ ಒತ್ತಿ ಬಿಗಿದರು.

ಆ ಹೆಣ್ಣು ನೋಡುವ ಶಾಸ್ತ್ರದ ದಿನದಿಂದ, ಗುರುತಿನ ಚೀಟಿಯದ್ದೊಂದು ಬಿಟ್ಟರೆ, ಯಾರು ಫೋಟೋ ತೆಗೆಯಲು ಬಂದರೂ ಅವರ ಮುಖ ನೆಟ್ಟಗೆ ಇರುತ್ತಿರಲಿಲ್ಲ. ತಮ್ಮ ಕೊಟ್ಟ ಬಿಸ್ಕತ್ತಿನ ಡಬ್ಬಿಯಲ್ಲಿ ನಾನು ಹುಡುಕಿದ ಫೋಟೋಗಳೆಲ್ಲ ಹಾಗೆಯೇ ಇದ್ದವು. ನಿವೃತ್ತಿಯ ಗುಂಪು ಚಿತ್ರದಲ್ಲಿ ಮಾಸ್ತರರೆಲ್ಲ ಗಂಭೀರ, ಇವರ ಎರಡು ಕಣ್ಣೂ ಮೂಗಿನ ತುದಿಗೆ. ಹಟ್ಟಿಯಂಗಡಿ ದೇವಸ್ಥಾನದಲ್ಲಿ ತೆಗೆದದ್ದರಲ್ಲಿ ಕೆನ್ನೆ ಉಬ್ಬಿಸಿ ಗಣಪತಿಗೆ ಸಾಟಿ ನಿಂತಿದ್ದರು. ಶಿಷ್ಯನ ಮದುವೆಯಲ್ಲಿ ಮೂಗಿನ ಎರಡು ಹೊಳ್ಳೆಗೂ ಅಡಿಕೆ. ಡಬ್ಬಿ ಖಾಲಿಯಾದಾಗ ನನಗೆ ನಗುವ ಶಕ್ತಿ ಇರಲಿಲ್ಲ. ಬೊಜ್ಜ ಹತ್ತಿರ ಬಂದಿತ್ತು. ಈ ಮನೆಯ ಚಾವಡಿಯಲ್ಲೂ ದೂರದ ಸಂಬಂಧವೇ ಕುಳಿತುಕೊಳ್ಳುತ್ತದೆ ಎಂದು ಅನಿಸಿತು.

ಕೊನೆಗೆ ನನ್ನ ಮೊಬೈಲಿನಲ್ಲೇ ಇತ್ತು. ಪ್ರದರ್ಶನದ ದಿನ ನಾನು ತೆಗೆದದ್ದು. ಬಿಸಿಲು ಸರಿಯಾಗಿ ಬಿದ್ದಿತ್ತು. ಬಣ್ಣ, ಮೂಗು, ಮಚ್ಚೆ, ಕೂದಲು, ಮೀಸೆ, ಎಲ್ಲವೂ ಮುಟ್ಟುವ ಹಾಗೆ ಇತ್ತು. ನಾಲಿಗೆಯೂ ಇತ್ತು. ಗಲ್ಲದ ತನಕ.

ತಮ್ಮ ಅದನ್ನು ಬಹಳ ಹೊತ್ತು ನೋಡಿದರು. "ಇದಾ?"

"ಇದೇ ಇಪ್ಪುದ್ರಲ್ಲಿ ಮರ್ಯಾದಿದ್" ಎಂದೆ.

"ಬೊಂಬಾಯಿಂದ ನಮ್ಮ ಅಸೋಸಿಯೇಷನ್ನವ್ರ್ ಬತ್ರ್ ಜಲಜಕ್ಕ. ಭಟ್ರ್ ಇರ್ತ್ರ್."

"ಟೀಚರೂ ಇರ್ತ್ರ್" ಎಂದೆ. ಅವರು ಸೋತರು. ಮಾಲೆ ನಾಲಿಗೆಯ ಮೇಲೆ ಬರಬೇಕು, ಅಷ್ಟು ಮಾಡಿಕೊಡಿ ಎಂದರು. ಒಪ್ಪಿದೆ. ಸ್ಟುಡಿಯೋದಲ್ಲಿ ಪ್ರಿಂಟು ಹೊರಗೆ ಬರುವ ತನಕ ಅವನ ಪಕ್ಕದಲ್ಲೇ ಕುಳಿತೆ. ನಾಲಿಗೆ ಒಳಗೆ ಹಾಕುವ ಬಟನ್ನು ಕೂಡ ಇದೆ ಅಕ್ಕ ಎಂದ. ಬಟನ್ನಿನಿಂದ ಕೈ ತೆಗೆ ಎಂದೆ. ಪೇಟೆಯ ಫ್ಲೆಕ್ಸಿನ ಮೇಲೆ ಅಷ್ಟರಲ್ಲಿ ಯಾರೋ ಪುಢಾರಿಯ ಹುಟ್ಟುಹಬ್ಬದ ಫ್ಲೆಕ್ಸ್ ಕಟ್ಟಿದ್ದರು. ಆ ಮುಖವೂ ಬೆಳ್ಳಗೇ ಇತ್ತು, ಮೀಸೆ ಮಾತ್ರ ದಪ್ಪ.

ಬೊಜ್ಜದ ದಿನ ಫೋಟೋವನ್ನು ಕುರ್ಚಿಯ ಮೇಲೆ ಇಟ್ಟು, ಮಲ್ಲಿಗೆಯ ಮಾಲೆಯನ್ನು ಬಾಯಿಗೆ ಅಡ್ಡವಾಗಿ ಏರಿಸಿ ಎರಡು ಬದಿಗೂ ಪಿನ್ನು ಹಾಕಿದೆ. ನನ್ನ ಕೆಲಸ, ಹೊಲಿದ ಹಾಗೆ ನಿಂತಿತು. ಹಣೆ, ಕಣ್ಣು, ಮೂಗು ಕಾಣುತ್ತಿತ್ತು. ಅದರ ಕೆಳಗೆ ಹೂವು. ಆಸ್ಪತ್ರೆಯ ಮಾಸ್ಕ್ ಹಾಕಿದವರ ಹಾಗಿತ್ತು. ಬಂದವರು ಸಾಲಾಗಿ ಹೂ ಹಾಕಿ, ಕೈ ಮುಗಿದು, ತಲೆ ತಗ್ಗಿಸಿ ಸರಿದರು. ಬೊಂಬಾಯಿಯವರು ಚಪ್ಪಲಿ ಬಿಟ್ಟು ಬಂದು, ಅಕ್ಕ ದೊಡ್ಡ ಕಲಾವಿದೆಯಂತೆ ಎಂದು ತಮ್ಮನ ಕೈ ಹಿಡಿದರು. ತಮ್ಮ ಫೋಟೋದ ಬದಿಯಲ್ಲಿ ಕೈಕಟ್ಟಿ ನಿಂತಿದ್ದರು. ಬೊಂಬಾಯಿಯಿಂದ ಬಂದ ದಿನದಿಂದ ಅವರು ಅತ್ತದ್ದನ್ನು ನಾನು ನೋಡಲಿಲ್ಲ.

ಗುಲಾಬಕ್ಕ ತಡವಾಗಿ ಬಂದರು. ರೇಷ್ಮೆ ಸೀರೆ ಉಟ್ಟಿದ್ದರು, ತಲೆಯ ಮೇಲೆ ಬುಟ್ಟಿ ಇಲ್ಲದೆ ಗುರುತು ಹತ್ತಲಿಲ್ಲ. ಹೂ ಹಾಕಿ, ಹೋಗದೆ ನಿಂತರು. ಬಗ್ಗಿ ನೋಡಿದರು. ಆಮೇಲೆ ಬೆರಳಿನಿಂದ ಮಾಲೆಯನ್ನು ಒಂದು ಬದಿಯಲ್ಲಿ ಸ್ವಲ್ಪ ಎತ್ತಿ, ಒಳಗೆ ಇಣುಕಿದರು.

"ಹ್ವಾಯ್ ಟೀಚರೇ" ಎಂದರು ಮೆಲ್ಲಗೆ. "ಇಲ್ಲಿದ್ರಿಯಾ?"

ಆಮೇಲೆ ಗುಲಾಬಕ್ಕ ತಾವೂ ನಾಲಿಗೆಯನ್ನು ಹೊರಗೆ ಹಾಕಿದರು. ಆದಷ್ಟು ಉದ್ದ, ಗಲ್ಲದ ತನಕ, ಕಣ್ಣು ಮುಚ್ಚಿ. ಭಟ್ಟರು ದರ್ಭೆ ಹಿಡಿದವರು ಹಿಡಿದ ಹಾಗೇ ಉಳಿದರು. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು.

ನಾನು ತಮ್ಮನ ಮುಖ ನೋಡಲು ಹೆದರಿದೆ. ಅವರು ಕಟ್ಟಿದ ಕೈ ಬಿಚ್ಚಿ ಫೋಟೋದ ಎದುರು ಬಂದು ನಿಂತಿದ್ದರು. ಗಲ್ಲ ನಡುಗುತ್ತಿತ್ತು.

"ಜಲಜಕ್ಕ" ಎಂದರು. "ಮಾಲಿ ಬಿಗಿ ಆಯ್ತಲೆ ಅಕ್ಕಯ್ಯಂಗೆ. ಒಂಚೂರ್ ಸಡ್ಲ ಮಾಡಿ."

ನಾನು ಪಿನ್ನು ತೆಗೆದೆ.